ಎರಡು ಬಾಯಿಯ ಚೀಲ

(ಒಂದು ಭಾನುವಾರ ಸಂಜೆ ಆಡಿದ ಮಾತಿನ ಬರಹ ರೂಪ. ಆಡುವಾಗ ಎರಡೆರಡು ಸಲ ಹೇಳಿದ್ದನ್ನು ಒಂದು ಸಲಕ್ಕೆ ಇಳಿಸಿದ್ದೇನೆ. ನಡುವೆ ಬಂದ ಪ್ರಶ್ನೆಗಳನ್ನು ಬಂದಲ್ಲೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನಾನು ಭಿಕ್ಷುವಲ್ಲ. ಹಳೆಯ ಬೌದ್ಧ ಗ್ರಂಥಗಳ ಭಾಷೆಯಾದ ಪಾಲಿಯ ಪಂಡಿತನೂ ಅಲ್ಲ. ದೇಹವನ್ನು ಬಿಡಿಬಿಡಿಯಾಗಿ ನೋಡುವ, ಸಾವನ್ನು ನೆನೆಯುವ ಬೌದ್ಧ ಧ್ಯಾನವನ್ನು ಕೆಲವು ವರ್ಷಗಳಿಂದ ಬಿಟ್ಟು ಬಿಟ್ಟು ಮಾಡುತ್ತಿರುವವನು, ಅಷ್ಟೇ. ಹಾಗಾಗಿ ಸುತ್ತಗಳಿಗೆ, ಅಂದರೆ ಬುದ್ಧನ ಉಪದೇಶಗಳಿಗೆ, ಹೋಗುವ ಮುಂಚೆ ಒಂದು ಹಲ್ಲಿನ ವಿಷಯ ಹೇಳಿಬಿಡುತ್ತೇನೆ.

ಹೋದ ವರ್ಷ ನನ್ನ ಕೆಳದವಡೆಯ ಒಂದು ಹಲ್ಲು ಕೀಳಿಸಬೇಕಾಯಿತು. ಕಿತ್ತಾದ ಮೇಲೆ ಡಾಕ್ಟರು ಅದನ್ನು ಹತ್ತಿಯ ಮೇಲಿಟ್ಟು "ನೋಡ್ತೀರಾ?" ಅಂದರು. ನೋಡಿದೆ. ಎರಡು ಬೇರು. ಒಂದು ಬೇರಿನ ತುದಿಯಲ್ಲಿ ಚೂರು ಕೆಂಪು ಅಂಟಿಕೊಂಡಿತ್ತು. ಮೇಲೆ ಕಂದು ಬಣ್ಣದ ಒಂದು ಗುಳಿ. ನಾನು ಅಂದುಕೊಂಡಿದ್ದಕ್ಕಿಂತ ಉದ್ದ ಇತ್ತು. ಒಂದು ನಿಮಿಷದ ಹಿಂದೆ ಅದು ನಾನೇ. ಅದಕ್ಕೆ ತಣ್ಣೀರು ತಾಗಿದರೆ ನಾನು ಹೌಹಾರುತ್ತಿದ್ದೆ. ಈಗ ಬೆರಳಲ್ಲಿ ಮುಟ್ಟುವುದಕ್ಕೂ ಮನಸ್ಸು ಬರಲಿಲ್ಲ. "ತಗೊಂಡು ಹೋಗ್ತೀರಾ?" ಅಂತ ಕೇಳಿದರು. ಬೇಡ ಅಂದೆ. ಸ್ಟೀಲ್ ಡಬ್ಬಕ್ಕೆ ಬಿತ್ತು, ಟಣ್ ಅಂತ. ನಾಲಿಗೆಗೆ ಮಾತ್ರ ಸುದ್ದಿ ತಲುಪಿರಲಿಲ್ಲ. ವಾರಗಟ್ಟಲೆ ಆ ಖಾಲಿ ಜಾಗಕ್ಕೆ ಹೋಗಿ ಹೋಗಿ ಹುಡುಕುತ್ತಿತ್ತು.

ಆ ಟಣ್ ಅನ್ನುವ ಸದ್ದು ಕೇಳಿದಾಗ ನನಗೆ ನೆನಪಾಗಿದ್ದು ಐದು ಪಾಲಿ ಶಬ್ದಗಳು. ಕೇಸಾ, ಲೋಮಾ, ನಖಾ, ದಂತಾ, ತಚೋ. ತಲೆಗೂದಲು, ಮೈಗೂದಲು, ಉಗುರು, ಹಲ್ಲು, ಚರ್ಮ. ಥೇರವಾದ ಪರಂಪರೆಯಲ್ಲಿ ಯಾರಾದರೂ ಸನ್ಯಾಸ ತೆಗೆದುಕೊಳ್ಳುವಾಗ ಗುರು ಕೊಡುವ ಮೊದಲ ಧ್ಯಾನದ ಪಾಠ ಇದು. ಇವತ್ತಿಗೂ ಇದೇ. ಹೊಸದಾಗಿ ಬಂದವರು ಗುರುವಿನ ಹಿಂದೆಯೇ ಹೇಳಬೇಕು. ಮೊದಲು ನೇರ, ಆಮೇಲೆ ಉಲ್ಟಾ: ತಚೋ, ದಂತಾ, ನಖಾ, ಲೋಮಾ, ಕೇಸಾ. ದೊಡ್ಡ ತತ್ತ್ವ ಏನೂ ಇಲ್ಲ. ನಿರ್ವಾಣದ ಮಾತಿಲ್ಲ. ಕೂದಲು, ಉಗುರು, ಹಲ್ಲು.

ಈ ಐದೇ ಯಾಕೆ? ನಾವು ಇನ್ನೊಬ್ಬರಲ್ಲಿ ನೋಡುವುದು ಹೆಚ್ಚುಕಡಿಮೆ ಈ ಐದನ್ನೇ ಅಲ್ವಾ? ಒಂದು ಫೋಟೋ ತೆಗೆದು ನೋಡಿ. ಚರ್ಮ ಇದೆ, ಕೂದಲಿದೆ, ನಕ್ಕಿದ್ದರೆ ಹಲ್ಲಿದೆ. "ಎಷ್ಟು ಚೆನ್ನಾಗಿದ್ದಾರೆ" ಅನ್ನುವುದು ಇವಕ್ಕೇ. ಪ್ರೀತಿಯ ಅರ್ಧ ಗಲಾಟೆ ಈ ಐದರ ಸುತ್ತಲೇ ನಡೆಯುತ್ತದೆ. ಮಜಾ ಏನು ಅಂದರೆ, ಇವುಗಳಲ್ಲಿ ಹೆಚ್ಚಿನವು ಸತ್ತ ವಸ್ತುಗಳೇ. ಕೂದಲು ಕತ್ತರಿಸಿದರೆ ನೋವಿಲ್ಲ. ಉಗುರಿನ ತುದಿಗೆ ನೋವಿಲ್ಲ. ಚರ್ಮದ ತೀರಾ ಮೇಲಿನ ಪದರವೂ ಸತ್ತ ಜೀವಕೋಶಗಳದ್ದೇ. ಅದು ದಿನಾ ಉದುರುತ್ತಾ ಇರುತ್ತದೆ.

ಇನ್ನು ಪೂರ್ತಿ ಪಟ್ಟಿಗೆ ಬರೋಣ. ಸತಿಪಟ್ಠಾನ ಸುತ್ತ ಅಂತ ಒಂದಿದೆ, ಮಜ್ಝಿಮ ನಿಕಾಯ ಅನ್ನುವ ಸಂಗ್ರಹದ 10ನೇ ಸುತ್ತ. ಕುರು ದೇಶದ ಕಮ್ಮಾಸಧಮ್ಮ ಅನ್ನುವ ಊರಲ್ಲಿ ಬುದ್ಧ ಹೇಳಿದ್ದು. ಅದರ ಮೊದಲ ಭಾಗ ಪೂರ್ತಿ ದೇಹದ ಬಗ್ಗೆ. ಅಲ್ಲಿ ಒಟ್ಟು 14 ಅಭ್ಯಾಸಗಳಿವೆ. ಉಸಿರು ಒಂದು. ನಡೆಯುವುದು, ನಿಲ್ಲುವುದು, ಕೂರುವುದು, ಮಲಗುವುದು ಸೇರಿ ಇನ್ನೊಂದು. ಮಾಡುವ ಕೆಲಸದಲ್ಲೆಲ್ಲ ಎಚ್ಚರ ಮತ್ತೊಂದು. ಆಮೇಲೆ ದೇಹದ ಭಾಗಗಳು. ಆಮೇಲೆ ಮಣ್ಣು, ನೀರು, ಬೆಂಕಿ, ಗಾಳಿ ಅನ್ನುವ ನಾಲ್ಕು ಧಾತುಗಳು. ಉಳಿದ ಒಂಬತ್ತೂ ಸ್ಮಶಾನದವು. ಅಂದರೆ ಲೆಕ್ಕದಲ್ಲಿ ಅರ್ಧಕ್ಕಿಂತ ಜಾಸ್ತಿ ಹೆಣದ ಜೊತೆಗೇ ಕಳೆಯುತ್ತದೆ. "ಮೈಂಡ್‌ಫುಲ್‌ನೆಸ್" ಅಂತ ಈಗ ಆಪ್‌ಗಳಲ್ಲಿ ಹೇಳಿಕೊಡುತ್ತಾರಲ್ಲ, ಅದರ ಮೂಲ ಪಠ್ಯ ಇದೇ. ಆ ಒಂಬತ್ತನ್ನು ಮಾತ್ರ ಯಾರೂ ನೋಟಿಫಿಕೇಶನ್‌ನಲ್ಲಿ ಕಳಿಸುವುದಿಲ್ಲ.

ದೇಹದ ಭಾಗಗಳ ಪಟ್ಟಿ ಸುತ್ತದಲ್ಲಿ 31. ಮೇಲಿನ ಐದರ ನಂತರ ಮಾಂಸ, ಸ್ನಾಯು, ಮೂಳೆ, ಮಜ್ಜೆ. ಮುಂದೆ ಗುಂಡಿಗೆ, ಶ್ವಾಸಕೋಶ, ಕರುಳು, ಹೊಟ್ಟೆಯಲ್ಲಿರುವ ಅನ್ನ. ಹೀಗೇ ಹೋಗುತ್ತಾ ಕಫ, ಕೀವು, ರಕ್ತ, ಬೆವರು, ಕಣ್ಣೀರು, ಎಂಜಲು, ಸಿಂಬಳ, ಕೀಲುಗಳೊಳಗಿನ ಜಿಗುಟು ನೀರು, ಕೊನೆಗೆ ಮೂತ್ರ. ಖುದ್ದಕಪಾಠ ಅನ್ನುವ ಪುಟ್ಟ ಗ್ರಂಥದಲ್ಲಿ ಇನ್ನೊಂದು ಸೇರಿ 32 ಆಗುತ್ತದೆ. ಆ ಸೇರಿದ್ದು ಯಾವುದು ಗೊತ್ತಾ? ಮಿದುಳು. ನಾವು ಇಡೀ ಮನುಷ್ಯನನ್ನೇ ಮಿದುಳು ಅಂತ ತಿಳಿದುಕೊಂಡಿದ್ದೇವೆ. ಅವರಿಗೆ ಅದು ಪಟ್ಟಿಗೆ ತಡವಾಗಿ ಬಂದ ನೆಂಟ. ಬುದ್ಧಘೋಷ ಅನ್ನುವ ಹಳೆಯ ವ್ಯಾಖ್ಯಾನಕಾರರಂತೂ ಅದು ಮಜ್ಜೆಯಲ್ಲೇ ಸೇರಿತ್ತು ಅಂತ ಸಮಾಧಾನ ಹೇಳಿ ಮುಂದೆ ಹೋಗುತ್ತಾರೆ.

ಇದನ್ನು ನೋಡುವುದು ಹೇಗೆ ಅಂತ ಸುತ್ತ ಒಂದು ಉಪಮೆ ಕೊಡುತ್ತದೆ. ನಾನು ಇವತ್ತು ಬಂದಿರುವುದೇ ಈ ಉಪಮೆಗಾಗಿ. ಎರಡೂ ಕಡೆ ಬಾಯಿರುವ ಒಂದು ಚೀಲ. ಅದರ ತುಂಬಾ ಬಗೆಬಗೆಯ ಕಾಳು. ಭತ್ತದಲ್ಲೇ ಎರಡು ಬಗೆ, ಹೆಸರು, ಉದ್ದು, ಎಳ್ಳು, ಅಕ್ಕಿ. ಕಣ್ಣು ಚೆನ್ನಾಗಿರುವ ಒಬ್ಬ ಆ ಚೀಲ ಬಿಚ್ಚಿ ನೋಡುತ್ತಾನೆ. ಇದು ಹೆಸರು. ಇದು ಉದ್ದು. ಇದು ಎಳ್ಳು. ಅಷ್ಟೇ, ಉಪಮೆ ಮುಗಿಯಿತು.

ಎರಡು ಬಾಯಿ ಅನ್ನುವುದನ್ನು ಬಿಡಿಸಿ ಹೇಳಬೇಕಿಲ್ಲ. ಮೇಲೊಂದು, ಕೆಳಗೊಂದು. (ಇಲ್ಲಿ ಸಭೆ ನಕ್ಕಿತು. ನಗಲಿ ಅಂತಲೇ ಆ ಚೀಲ ಆರಿಸಿದ್ದಾರೆ ಅಂತ ನನ್ನ ಗುಮಾನಿ.) ನನಗೆ ಮುಖ್ಯ ಅನ್ನಿಸಿದ್ದು ಒಳಗಿರುವ ಕಾಳು. ದೇಹ ಹೊಲಸು ಅಂತ ತೋರಿಸುವುದೇ ಉದ್ದೇಶವಾಗಿದ್ದರೆ ಚೀಲದಲ್ಲಿ ಕೊಳೆತದ್ದು ಏನಾದರೂ ತುಂಬಬಹುದಿತ್ತು. ತುಂಬಿಲ್ಲ. ಹೆಸರುಕಾಳಿನ ಮೇಲೆ ಯಾರಿಗೆ ಹೇಸಿಗೆ? ಉದ್ದಿನ ಮೇಲೆ ಯಾರಿಗೆ ಮೋಹ? ಕಾಳು ಆರಿಸುವವರ ಕಣ್ಣು ನೀವು ನೋಡಿರಬಹುದು. ಕೋಪ ಇಲ್ಲ, ಆಸೆ ಇಲ್ಲ. ಬೆರಳು ಸುಮ್ನೆ ಓಡುತ್ತಾ ಇರುತ್ತದೆ. ಆ ಕಣ್ಣನ್ನು ಒಳಕ್ಕೆ ತಿರುಗಿಸಿ ಅಂತ ಹೇಳುತ್ತಿದ್ದಾರೆ.

ಒಂದು ಮಾತು ಮುಚ್ಚಿಡಬಾರದು. ಅದೇ ಸುತ್ತ ಈ ದೇಹ "ಬಗೆಬಗೆಯ ಅಶುಚಿಯಿಂದ ತುಂಬಿದೆ" ಅಂತಲೂ ಹೇಳುತ್ತದೆ. ನಾನು ಅದನ್ನು ಅಳಿಸಲಾರೆ. ಅಶುಚಿ ಅನ್ನುವ ಮಾತು ಒಂದು ಕಡೆ, ಕಾಳಿನ ಚೀಲ ಇನ್ನೊಂದು ಕಡೆ. ಎರಡೂ ಒಂದೇ ಪುಟದಲ್ಲಿವೆ. ಓದುವವರಲ್ಲಿ ಹಲವರು ಮೊದಲನೆಯದನ್ನು ಹಿಡಿದುಕೊಂಡು ಎರಡನೆಯದನ್ನು ಬಿಟ್ಟುಬಿಡುತ್ತಾರೆ ಅನ್ನುವುದು ನನ್ನ ತಕರಾರು.

ಈ ಅಭ್ಯಾಸದ ಹೆಸರಿನಲ್ಲೂ ಇದೇ ಎಡವಟ್ಟು. ಪಾಲಿಯಲ್ಲಿ ಇದಕ್ಕೆ ಪಟಿಕೂಲ ಮನಸಿಕಾರ ಅಂತಾರೆ. ಹೇಸಿಗೆಯ ಚಿಂತನೆ ಅಂತ ಅನುವಾದ ಮಾಡುತ್ತಾರೆ. ತಪ್ಪಿಲ್ಲ, ಆ ಅರ್ಥ ಇದೆ. ಆದರೆ ನಮಗೆ ಆ ಶಬ್ದ ಮನೆಯದ್ದೇ, ಪ್ರತಿಕೂಲ. ಅನುಕೂಲದ ಎದುರಿನದ್ದು. ಕೂಲ ಅಂದರೆ ದಡ. ಮನಸ್ಸು ಯಾವ ದಡದ ಗುಂಟ ಹಾಯಾಗಿ ಹೋಗುತ್ತಿದೆಯೋ ಅದಕ್ಕೆ ಎದುರಾಗಿ ಒಮ್ಮೆ ನೋಡುವುದು. ಇನ್ನೊಂದು ಶಬ್ದ ಅಸುಭ. ಕನ್ನಡದಲ್ಲಿ ಅಶುಭ ಅಂದ ತಕ್ಷಣ ನಮಗೆ ಅಪಶಕುನ ನೆನಪಾಗುತ್ತದೆ. ಅಲ್ಲಿ ಸುಭ ಅಂದರೆ ಚೆಲುವಾದದ್ದು, ಮನ ಸೆಳೆಯುವುದು. ಅಸುಭ ಅಂದರೆ ಆ ಸೆಳೆತ ಇಲ್ಲದ ಮಗ್ಗುಲು.

ಬುದ್ಧಘೋಷರ ಹೆಸರು ಹೇಳಿದೆ. ಕ್ರಿಸ್ತಶಕ 5ನೇ ಶತಮಾನದಲ್ಲಿ ಶ್ರೀಲಂಕಾದ ಅನುರಾಧಪುರದ ಮಹಾವಿಹಾರದಲ್ಲಿ ಕೂತು ವಿಸುದ್ಧಿಮಗ್ಗ ಅನ್ನುವ ಧ್ಯಾನದ ಕೈಪಿಡಿ ಬರೆದವರು. ಈ 32 ಭಾಗಗಳ ಅಭ್ಯಾಸವನ್ನು ಅವರಷ್ಟು ವಿವರವಾಗಿ ಬರೆದವರನ್ನು ನಾನು ಕಂಡಿಲ್ಲ. ಮೊದಲು ಬಾಯಲ್ಲಿ ಹೇಳಬೇಕಂತೆ, ಇಡೀ ತ್ರಿಪಿಟಕ ಬಾಯಿಪಾಠ ಇದ್ದವರೂ ಸಹ. ಐದೈದರ, ಆರಾರರ ಗುಂಪು ಮಾಡಿಕೊಂಡು, ನೇರ ಮತ್ತು ಉಲ್ಟಾ. ಆಮೇಲೆ ಮನಸ್ಸಿನಲ್ಲಿ. ಆಮೇಲೆ ಒಂದೊಂದಕ್ಕೂ ಬಣ್ಣ ಯಾವುದು, ಆಕಾರ ಏನು, ಹೊಕ್ಕುಳಿನ ಮೇಲೋ ಕೆಳಗೋ, ಯಾವ ಜಾಗ, ಎಲ್ಲಿಂದ ಎಲ್ಲಿಯವರೆಗೆ. ಗೋದಾಮಿನ ಸ್ಟಾಕ್ ಬರೆದ ಹಾಗಿದೆ. ನನಗಂತೂ ಓದುವಾಗ ನಿದ್ದೆ ಬಂದಿದ್ದೂ ಉಂಟು. ಆದರೆ ನಡುವೆ ನಡುವೆ ಎಂಥ ಕಣ್ಣು ಅವರದ್ದು ಅಂತ ಬೆಚ್ಚಿಬೀಳುವ ಜಾಗಗಳಿವೆ.

ಒಂದು ಹೇಳುತ್ತೇನೆ. ಕೂದಲಿನ ಬಗ್ಗೆ. ಎಷ್ಟೇ ರುಚಿಯಾದ ಗಂಜಿಯಾಗಲಿ, ಬಟ್ಟಲಲ್ಲಿ ಕೂದಲಿನಂಥದ್ದು ಏನೋ ಕಂಡರೆ ಜನ "ಇದರಲ್ಲಿ ಕೂದಲಿದೆ, ತೆಗೀರಿ" ಅಂತಾರೆ. ಸರಿ, ಅದು ನಮಗೆಲ್ಲ ಗೊತ್ತು. ಅವರು ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತಾರೆ. ರಾತ್ರಿ ಕತ್ತಲಲ್ಲಿ ಉಣ್ಣುವಾಗ ಕೈಗೆ ಎಕ್ಕದ ನಾರು ತಾಗಿದರೂ ಜನ ಹೇಸುತ್ತಾರೆ. ಅದು ಕೂದಲೇ ಅಲ್ಲ! ನಾರು. ಕೂದಲು ಇರಬಹುದು ಅನ್ನುವ ಅನುಮಾನಕ್ಕೇ ಹೊಟ್ಟೆ ತೊಳಸುತ್ತದೆ. ಅದೇ ಕೂದಲು ಒಂದು ಗಂಟೆ ಮುಂಚೆ ತಲೆಯ ಮೇಲಿದ್ದಾಗ ಅದಕ್ಕೆ ಎಣ್ಣೆ ಏನು, ಹೂವು ಏನು, ಬಾಚಣಿಗೆ ಏನು. ಹಾಗಾದರೆ ಚೆಂದ ಕೂದಲಿನಲ್ಲಿತ್ತಾ? ಹೇಸಿಗೆ ಕೂದಲಿನಲ್ಲಿತ್ತಾ? ನನ್ನ ಹಲ್ಲು ಬಾಯಲ್ಲಿದ್ದಾಗ ನಾನು, ಹತ್ತಿಯ ಮೇಲೆ ಬಂದಾಗ ಥೂ. ಹಲ್ಲು ಎರಡೂ ಕಡೆ ಅದೇ ಹಲ್ಲು.

ಸುತ್ತದಲ್ಲಿ ಭಾಗಗಳ ನಂತರ ಧಾತುಗಳು ಬರುತ್ತವೆ ಅಂದೆನಲ್ಲ, ಅಲ್ಲಿನ ಉಪಮೆ ಇನ್ನೂ ಗಡಸು. ಒಬ್ಬ ಕಟುಕ ಹಸುವನ್ನು ಕಡಿದು, ಪಾಲು ಪಾಲು ಮಾಡಿ, ನಾಲ್ಕು ದಾರಿ ಸೇರುವ ಕಡೆ ಕೂತಿದ್ದಾನೆ. ಬುದ್ಧಘೋಷ ಬಿಡಿಸಿ ಹೇಳುವ ಹಾಗೆ, ಸಾಕುವಾಗ, ಹೊಡೆದುಕೊಂಡು ಬರುವಾಗ, ಕಟ್ಟುವಾಗ, ಕೊಲ್ಲುವಾಗ ಕೂಡ ಅವನ ಮನಸ್ಸಿನಲ್ಲಿ "ಹಸು" ಇತ್ತು. ಪಾಲು ಮಾಡಿ ಹರಡಿದ ಮೇಲೆ ಹಸು ಹೋಯಿತು, "ಮಾಂಸ" ಬಂತು. ಕೊಳ್ಳಲು ಬಂದವರು ಹಸು ಕೊಡಿ ಅನ್ನುವುದಿಲ್ಲ. ಹಸು ಯಾವ ಕ್ಷಣಕ್ಕೆ ಮಾಯವಾಯಿತು ಅಂತ ಅವನನ್ನು ಕೇಳಿದರೆ ಅವನಿಗೂ ಗೊತ್ತಿರುವುದಿಲ್ಲ. ನನ್ನ ಹಲ್ಲಿನಿಂದ "ನಾನು" ಇಳಿದು ಹೋದ ಕ್ಷಣ ನನಗೂ ಗೊತ್ತಾಗಲಿಲ್ಲ. ಅರಿವಳಿಕೆ ಕೊಟ್ಟಿದ್ದರು ಅನ್ನಿ.

ಹಲ್ಲಿನದ್ದೇ ಒಂದು ಕಥೆ ವಿಸುದ್ಧಿಮಗ್ಗದಲ್ಲಿದೆ. ಮಹಾತಿಸ್ಸ ಅಂತ ಒಬ್ಬ ಥೇರ, ಅಂದರೆ ಹಿರಿಯ ಭಿಕ್ಷು. ಚೇತಿಯಪಬ್ಬತದಿಂದ, ಅಂದರೆ ಈಗಿನ ಮಿಹಿಂತಲೆಯಿಂದ, ಅನುರಾಧಪುರಕ್ಕೆ ಭಿಕ್ಷೆಗೆ ನಡೆದು ಹೋಗುತ್ತಿದ್ದಾರೆ. ಎದುರಿನಿಂದ ಒಬ್ಬಾಕೆ ಬರುತ್ತಿದ್ದಾಳೆ. ಗಂಡನ ಜೊತೆ ಜಗಳ ಮಾಡಿಕೊಂಡು, ಚೆನ್ನಾಗಿ ಅಲಂಕಾರ ಮಾಡಿಕೊಂಡು, ತವರಿಗೆ ಹೊರಟವಳು. ಥೇರರನ್ನು ಕಂಡು ಜೋರಾಗಿ ನಕ್ಕಳು. ಅವರು ತಲೆ ಎತ್ತಿದರು. ಕಂಡಿದ್ದು ಹಲ್ಲು. ಹಲ್ಲು ಅಂದರೆ ಮೂಳೆ. ಅಲ್ಲೇ ನಿಂತವರಿಗೆ ಅರಹಂತ ಪದವಿ, ಅಂದರೆ ಪೂರ್ತಿ ಬಿಡುಗಡೆ, ಬಂತು ಅಂತ ಕಥೆ. ಸ್ವಲ್ಪ ಹೊತ್ತಿಗೆ ಗಂಡ ಹುಡುಕಿಕೊಂಡು ಬಂದ. "ಸ್ವಾಮಿ, ಒಬ್ಬ ಹೆಂಗಸು ಈ ಕಡೆ ಹೋದಳಾ?" "ಹೆಂಗಸೋ ಗಂಡಸೋ ತಿಳಿಯದು. ಒಂದು ಅಸ್ಥಿಪಂಜರ ಈ ದಾರಿಯಲ್ಲಿ ಹೋಯಿತು."

ಮೊದಲ ಸಲ ಓದಿದಾಗ ನಾನು ನಕ್ಕಿದ್ದೆ. ಈಗ ಕೇಳಿದರೆ, ಆ ಗಂಡನಿಗೆ ಆ ಉತ್ತರ ಏನೂ ಉಪಯೋಗಕ್ಕೆ ಬರಲಿಲ್ಲ ಅನ್ನಿಸುತ್ತದೆ.

ಈ ಹೊತ್ತಿಗೆ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು ಕೇಳಿದಳು: "ಸರ್, ಇದನ್ನೆಲ್ಲ ದಿನಾ ಯೋಚಿಸಿದರೆ ಡಿಪ್ರೆಶನ್ ಬರಲ್ವಾ?"

ಬರಬಹುದು. ಬಂದಿದೆ ಕೂಡ. ಇದನ್ನು ಮುಚ್ಚಿಟ್ಟವರು ಬೌದ್ಧರ ವಿರೋಧಿಗಳಲ್ಲ, ಸುತ್ತಗಳನ್ನು ಅರ್ಧಂಬರ್ಧ ಓದಿದ ಅಭಿಮಾನಿಗಳು. ಉಪದೇಶಗಳ ಸುತ್ತಪಿಟಕದಲ್ಲೂ ಇದೆ, ಭಿಕ್ಷುಗಳ ನಿಯಮಗಳ ವಿನಯಪಿಟಕದಲ್ಲೂ ಇದೆ. ವೇಸಾಲಿಯ, ಅಂದರೆ ವೈಶಾಲಿಯ, ಮಹಾವನದಲ್ಲಿ, ಕೂಟಾಗಾರಸಾಲೆಯಲ್ಲಿ ನಡೆದಿದ್ದು. ಬುದ್ಧ ಭಿಕ್ಷುಗಳಿಗೆ ಅಸುಭ ಧ್ಯಾನವನ್ನು ಬಗೆಬಗೆಯಾಗಿ ಹೊಗಳಿ ಹೇಳಿದರು. ಆಮೇಲೆ ಹದಿನೈದು ದಿನ ಒಬ್ಬರೇ ಇರುತ್ತೇನೆ, ಊಟ ತರುವವನ ಹೊರತು ಯಾರೂ ಬರಬೇಡಿ ಅಂದರು. ಇತ್ತ ಭಿಕ್ಷುಗಳು ಹಗಲೂ ರಾತ್ರಿ ಅದನ್ನೇ ಮಾಡಿದರು. ಅವರಿಗೆ ತಮ್ಮ ಮೈಯೇ ಅಸಹ್ಯವಾಗಿ ಹೋಯಿತು. ತಲೆಗೆ ಸ್ನಾನ ಮಾಡಿ ಸಿಂಗಾರವಾಗಿ ನಿಂತ ಯುವಕನ ಕೊರಳಿಗೆ ಸತ್ತ ಹಾವನ್ನೋ ನಾಯಿಯ ಹೆಣವನ್ನೋ ಹಾಕಿದರೆ ಹೇಗೋ ಹಾಗಾಯಿತು ಅಂತ ವಿನಯಪಿಟಕ ಹೇಳುತ್ತದೆ. ಹಲವರು ಪ್ರಾಣ ಕಳೆದುಕೊಂಡರು. ಹದಿನೈದು ದಿನದ ನಂತರ ಬುದ್ಧ ಹೊರಗೆ ಬಂದು ತಮ್ಮ ಸೇವೆಯ ಭಿಕ್ಷು ಆನಂದರನ್ನು ಕೇಳಿದ ಮಾತು: "ಆನಂದ, ಸಂಘ ಯಾಕೋ ತೆಳ್ಳಗಾದ ಹಾಗಿದೆಯಲ್ಲ?"

ಈ ವಾಕ್ಯದ ಮುಂದೆ ನಾನು ಎಷ್ಟೋ ಸಲ ಕೂತಿದ್ದೇನೆ. ಹಳೆಯ ವ್ಯಾಖ್ಯಾನಕಾರರು ಇದಕ್ಕೆ ಹಿಂದಿನ ಜನ್ಮದ ಕರ್ಮ ಅಂತ ಕಾರಣ ಕೊಡುತ್ತಾರೆ. ನನಗೆ ಅದು ಸಮಾಧಾನ ಕೊಟ್ಟಿಲ್ಲ. ನನ್ನ ಓದಿನಲ್ಲಿ ಅಲ್ಲಿ ಚೀಲ ಬಿಚ್ಚಿದ್ದು ಹೌದು, ಕಾಳು ಆರಿಸುವ ಕಣ್ಣು ಇರಲಿಲ್ಲ. ಮೋಹ ಇದ್ದ ಜಾಗಕ್ಕೆ ದ್ವೇಷ ಬಂದು ಕೂತಿತು. ದೇಹದ ಮೇಲಿನ ಹಿಡಿತ ಸಡಿಲವಾಗಲೇ ಇಲ್ಲ. ಹಿಡಿದ ಕೈ ಬದಲಾಯಿತು, ಅಷ್ಟೇ.

ಆಮೇಲೆ ಏನಾಯಿತು ಅನ್ನುವುದು ಮುಖ್ಯ. ಆನಂದ ಕೇಳಿದರು, ಬೇರೆ ದಾರಿ ಹೇಳಿ ಅಂತ. ಬುದ್ಧ ಉಳಿದ ಭಿಕ್ಷುಗಳನ್ನೆಲ್ಲ ಸೇರಿಸಿ ಉಸಿರಿನ ಧ್ಯಾನ ಹೇಳಿಕೊಟ್ಟರು. ಆನಾಪಾನಸತಿ. ಅಲ್ಲಿ ಕೊಟ್ಟ ಹೋಲಿಕೆ ಕೇಳಿ. ಬೇಸಿಗೆಯ ಕೊನೆಯ ತಿಂಗಳು. ಧೂಳು ಎದ್ದು ಆಕಾಶ ತುಂಬಿದೆ. ಆಗ ಅಕಾಲದಲ್ಲಿ ಒಂದು ದೊಡ್ಡ ಮೋಡ ಬಂದು ಮಳೆ ಸುರಿದು ಆ ಧೂಳನ್ನೆಲ್ಲ ಕೂರಿಸಿಬಿಡುತ್ತದೆ. ಹೆಣ, ಹಾವು, ನಾಯಿಯ ಮಾತೆಲ್ಲ ಆದ ಮೇಲೆ ಈ ಮಳೆ. ಉಸಿರು ಕೂಡ ದೇಹವೇ ತಾನೇ? ದೇಹವನ್ನು ಬಿಟ್ಟು ಎಲ್ಲಿಗೂ ಕಳಿಸಲಿಲ್ಲ. ಅದರಲ್ಲೇ ತಂಪಾದ ಒಂದು ಮೂಲೆ ತೋರಿಸಿದರು.

ಆ ಹುಡುಗಿಗೆ ನಾನು ಹೇಳಿದ್ದು ಇಷ್ಟು. ಅಸುಭ ಎಲ್ಲರಿಗೂ ಕೊಡುವ ಔಷಧಿ ಅಲ್ಲ. ಬುದ್ಧಘೋಷರೇ ಇದನ್ನು ರಾಗ, ಅಂದರೆ ಮೋಹ, ಜಾಸ್ತಿ ಇರುವವರಿಗೆ ಅಂತ ಎತ್ತಿಡುತ್ತಾರೆ. ಸಿಟ್ಟಿನ ಸ್ವಭಾವದವರಿಗೆ ಮೈತ್ರಿಯ ಧ್ಯಾನ. ಮನಸ್ಸು ಮೊದಲೇ ಭಾರವಾಗಿದ್ದರೆ, ತನ್ನ ಮೈ ಕಂಡರೆ ತನಗೇ ಆಗದು ಅನ್ನಿಸುತ್ತಿದ್ದರೆ, ಇದನ್ನು ಮುಟ್ಟಬೇಡಿ. ನಂಬಿಕೆಯವರ ಹತ್ತಿರ, ಡಾಕ್ಟರ ಹತ್ತಿರ ಮಾತಾಡಿ. ಧ್ಯಾನ ಎಲ್ಲೂ ಓಡಿಹೋಗುವುದಿಲ್ಲ.

ಈಗ ಸ್ಮಶಾನ. ಒಂಬತ್ತು ಹಂತ. ಸತ್ತು ಒಂದೆರಡು ದಿನದ ದೇಹ, ಉಬ್ಬಿ ನೀಲಿಯಾದದ್ದು. ಕಾಗೆ, ಹದ್ದು, ನಾಯಿ, ನರಿ ತಿನ್ನುತ್ತಿರುವುದು. ಮಾಂಸ ಅಂಟಿದ ಪಂಜರ. ಬರೀ ನೆತ್ತರಿನ ಕಲೆ ಇರುವ ಪಂಜರ. ಅದೂ ಇಲ್ಲದ್ದು. ಚದುರಿದ ಮೂಳೆಗಳು, ಕೈಯದು ಇಲ್ಲಿ, ಕಾಲಿನದು ಅಲ್ಲಿ. ಶಂಖದ ಹಾಗೆ ಬಿಳುಪಾದ ಮೂಳೆ. ವರ್ಷ ದಾಟಿದ ಮೂಳೆಯ ಗುಡ್ಡೆ. ಕೊನೆಗೆ ಪುಡಿ. ಪ್ರತಿ ಹಂತಕ್ಕೂ ಒಂದೇ ಮಾತು ಹೇಳಿಕೊಳ್ಳಬೇಕು: ಈ ನನ್ನ ದೇಹದ ಸ್ವಭಾವವೂ ಇದೇ, ಇದೂ ಹೀಗೇ ಆಗುವುದು, ಇದರಿಂದ ತಪ್ಪಿಸಿಕೊಂಡಿಲ್ಲ. ಆ ಮಾತಿನಲ್ಲಿ ಎದುರಿರುವ ಹೆಣದ ಬಗ್ಗೆ ತೀರ್ಪಿಲ್ಲ ಅನ್ನುವುದನ್ನು ಗಮನಿಸಿ. ಬೆರಳು ತನ್ನ ಕಡೆಗೇ ತಿರುಗಿದೆ.

ಇದರ ಚಿತ್ರಗಳು ಏಷ್ಯಾದ ಬೇರೆ ಕಡೆಗಳಿಗೂ ಹರಡಿವೆ. ಜಪಾನಿನಲ್ಲಿ ಕುಸೋಜು ಅಂತ ಒಂದು ಪ್ರಕಾರವೇ ಇದೆ, ಒಂಬತ್ತು ಹಂತದಲ್ಲಿ ಕರಗುವ ದೇಹ. ಥಾಯ್ಲೆಂಡಿನ ಕೆಲವು ವಿಹಾರಗಳಲ್ಲಿ ನಿಜವಾದ ಅಸ್ಥಿಪಂಜರವನ್ನೇ ಗಾಜಿನ ಪೆಟ್ಟಿಗೆಯಲ್ಲಿ ನಿಲ್ಲಿಸಿರುತ್ತಾರೆ. ಇಲ್ಲಿ ನನಗೊಂದು ಇರಿಸುಮುರಿಸು ಇದೆ. ಜಪಾನಿನ ಆ ಚಿತ್ರಗಳಲ್ಲಿ ಕರಗುವುದು ಹೆಚ್ಚಾಗಿ ಹೆಣ್ಣಿನ ದೇಹ. ಕಥೆಗಳಲ್ಲೂ ಹಾಗೇ. ರಾಜಗೃಹದ ಸಿರಿಮಾ ಅನ್ನುವ ಚೆಲುವೆ ಸತ್ತ ಮೇಲೆ ಅವಳ ಹೆಣವನ್ನು ಸ್ಮಶಾನದಲ್ಲಿಟ್ಟು, ಸಾವಿರ ಕಹಾಪಣ ನಾಣ್ಯಕ್ಕೆ ಯಾರು ತಗೊಳ್ತೀರಿ ಅಂತ ಸಾರಿ, ಬೆಲೆ ಇಳಿಸುತ್ತಾ ಇಳಿಸುತ್ತಾ ಕೊನೆಗೆ ಪುಕ್ಕಟೆ ಅಂದರೂ ಯಾರೂ ಬರಲಿಲ್ಲ ಅನ್ನುವ ಕಥೆ ಧಮ್ಮಪದದ ಹಳೆಯ ವ್ಯಾಖ್ಯಾನವಾದ ಅಟ್ಠಕಥೆಯಲ್ಲಿದೆ. ಪಾಠ ಗಂಡಸರಿಗೆ, ಪಾಠದ ಸಾಮಾನು ಹೆಣ್ಣು. ನೋಡುವವನ ಹೊಟ್ಟೆಯಲ್ಲೂ ಅದೇ ಕರುಳಿದೆ ಅನ್ನುವುದು ಆ ಕಥೆಗಳಲ್ಲಿ ಹಿಂದೆ ಸರಿದುಬಿಡುತ್ತದೆ.

ಆದ್ದರಿಂದಲೇ ನನಗೆ ಅಂಬಪಾಲಿ ಇಷ್ಟ. ವೇಸಾಲಿಯ ಗಣಿಕೆಯಾಗಿದ್ದವಳು, ಮುಂದೆ ಭಿಕ್ಷುಣಿ. ಥೇರೀಗಾಥೆ ಅನ್ನುವ ಭಿಕ್ಷುಣಿಯರ ಪದ್ಯಸಂಗ್ರಹದಲ್ಲಿ ಅವಳ ಹೆಸರಿನಲ್ಲಿ 19 ಪದ್ಯಗಳಿವೆ. ತನ್ನ ದೇಹವನ್ನು ತಲೆಯಿಂದ ಕಾಲಿನವರೆಗೆ ತಾನೇ ನೋಡಿಕೊಳ್ಳುತ್ತಾಳೆ. ಆಗ ಕೂದಲು ದುಂಬಿಯ ಹಾಗೆ ಕಪ್ಪು, ಈಗ ಸೆಣಬಿನ ನಾರು. ಆಗ ಹಲ್ಲು ಬಾಳೆಯ ಮೊಗ್ಗು, ಈಗ ಮುರಿದು ಹಳದಿ. ಹುಬ್ಬು, ಕಣ್ಣು, ಮೂಗು, ದನಿ, ತೋಳು, ಎದೆ, ಪಾದ ಹೀಗೆ ಒಂದೊಂದೂ. ಪ್ರತಿ ಪದ್ಯದ ಕೊನೆಗೂ ಸತ್ಯ ಹೇಳುವವನ ಮಾತು ಸುಳ್ಳಾಗಲಿಲ್ಲ ಅನ್ನುವ ಪಲ್ಲವಿ. ಗಮನಿಸಿ, ಆಗಿನ ಚೆಲುವನ್ನು ಅವಳು ಸುಳ್ಳು ಅನ್ನುವುದಿಲ್ಲ. ಅದನ್ನೂ ಪ್ರೀತಿಯಿಂದಲೇ ಎಣಿಸುತ್ತಾಳೆ. ಕೊನೆಗೆ ಇದು ಗಾರೆ ಉದುರಿದ ಹಳೇ ಮನೆ ಅಂತಾಳೆ. ಇಷ್ಟು ವರ್ಷ ಇದ್ದ ಮನೆಯನ್ನು ಬಾಗಿಲಲ್ಲಿ ನಿಂತು ನೋಡಿದ ಹಾಗೆ. ಕಾಳು ಆರಿಸುವ ಕಣ್ಣು ಅಂದೆನಲ್ಲ, ಅದನ್ನು ನಾನು ಮೊದಲು ಕಂಡಿದ್ದು ಇವಳ ಪದ್ಯಗಳಲ್ಲಿ.

ಇನ್ನು ಸಾವು. ಸಾಸಿವೆಯ ಕಥೆ ನಿಮಗೆಲ್ಲ ಗೊತ್ತು, ಅದನ್ನು ಬಿಡುತ್ತೇನೆ. ಅಷ್ಟಾಗಿ ಯಾರೂ ಹೇಳದ ಒಂದು ಸಣ್ಣ ಸುತ್ತ ಇದೆ, ಅಂಗುತ್ತರ ನಿಕಾಯದಲ್ಲಿ. ನಾದಿಕದ ಇಟ್ಟಿಗೆ ಮನೆಯಲ್ಲಿ ಬುದ್ಧ ಕೇಳುತ್ತಾರೆ: ನೀವು ಮರಣಸತಿ, ಅಂದರೆ ಸಾವಿನ ನೆನಪು, ಮಾಡುತ್ತೀರಾ? ಆರು ಭಿಕ್ಷುಗಳು ಮಾಡುತ್ತೇವೆ ಅಂತಾರೆ. ಹೇಗೆ? ಒಬ್ಬರು: ಇನ್ನು ಒಂದು ಹಗಲು ಒಂದು ರಾತ್ರಿ ಬದುಕಿದರೂ ಸಾಕು, ಎಷ್ಟೋ ಸಾಧಿಸಬಹುದು ಅಂದುಕೊಳ್ಳುತ್ತೇನೆ. ಇನ್ನೊಬ್ಬರು: ಒಂದು ಹಗಲು. ಮತ್ತೊಬ್ಬರು: ಒಂದು ಊಟ ಮಾಡುವಷ್ಟು ಹೊತ್ತು. ನಾಲ್ಕನೆಯವರು: ನಾಲ್ಕೈದು ತುತ್ತು ನುಂಗುವಷ್ಟು. ಐದನೆಯವರು: ಒಂದೇ ತುತ್ತು. ಆರನೆಯವರು: ಒಳಗೆ ಹೋದ ಉಸಿರು ಹೊರಗೆ ಬರುವಷ್ಟು, ಹೊರಗೆ ಬಂದದ್ದು ಒಳಗೆ ಹೋಗುವಷ್ಟು. ಬುದ್ಧ ಮೊದಲ ನಾಲ್ವರಿಗೆ ನೀವು ಮೈಮರೆತಿದ್ದೀರಿ ಅಂದರು. ಕೊನೆಯ ಇಬ್ಬರು ಪಾಸು.

ನಾಲ್ಕೈದು ತುತ್ತಿನವರು ಫೇಲು! ಹದಿನೈದು ವರ್ಷದ ಸಾಲ ತೆಗೆದುಕೊಂಡ ನಾವು ಎಲ್ಲಿ ನಿಲ್ಲಬೇಕು?

ಇದನ್ನು ಊಟದ ಹೊತ್ತಿಗೆ ಮಾಡಿ ನೋಡಿದ್ದೇನೆ. ಕೈಯಲ್ಲಿ ತುತ್ತು ಇರುವಾಗಲೇ ಕಣ್ಣು ಮುಂದಿನ ತುತ್ತಿನ ಮೇಲಿರುತ್ತದೆ. ಬಾಯಲ್ಲಿರುವುದನ್ನು ಯಾರೂ ತಿನ್ನುತ್ತಿಲ್ಲ. ಈ ತುತ್ತು ನುಂಗುವವರೆಗೆ ಮಾತ್ರ ಅಂತ ಕೂತರೆ ಭಯ ಬರುತ್ತದೆ ಅಂದುಕೊಂಡಿದ್ದೆ. ಭಯ ಬರಲಿಲ್ಲ. ಉಪ್ಪು ಎಷ್ಟಿದೆ ಅಂತ ಗೊತ್ತಾಯಿತು. ಹೋದ ಹಲ್ಲಿನ ಜಾಗದಲ್ಲಿ ಅನ್ನ ಸಿಕ್ಕಿಕೊಳ್ಳುವುದು ಗೊತ್ತಾಯಿತು. ಮೂರನೇ ತುತ್ತಿಗೆ ಎಲ್ಲ ಮರೆತು ಫೋನ್ ನೋಡುತ್ತಿದ್ದೆ.

ಸಾವನ್ನು ನೆನೆಯುವುದರಲ್ಲಿ ತಪ್ಪು ದಾರಿಗಳೂ ಇವೆ ಅಂತ ಬುದ್ಧಘೋಷ ಎಚ್ಚರಿಸುತ್ತಾರೆ. ಪ್ರೀತಿಯವರ ಸಾವು ನೆನೆದರೆ ದುಃಖ ಬರುತ್ತದೆ, ಮಗುವನ್ನು ಕಳೆದುಕೊಂಡ ತಾಯಿಗೆ ಬರುವ ಹಾಗೆ. ಆಗದವರ ಸಾವು ನೆನೆದರೆ ಖುಷಿ ಬರುತ್ತದೆ. (ಎಷ್ಟು ಪ್ರಾಮಾಣಿಕ ನೋಡಿ. ಸನ್ಯಾಸಿಗಳಿಗೆ ಬರೆದ ಪುಸ್ತಕದಲ್ಲಿ ಈ ಮಾತು.) ಸಂಬಂಧವೇ ಇಲ್ಲದವರ ಸಾವು ನೆನೆದರೆ ಏನೂ ಆಗುವುದಿಲ್ಲ, ಹೆಣ ಸುಡುವವನಿಗೆ ಹೆಣ ಕಂಡ ಹಾಗೆ. ತನ್ನದೇ ಸಾವು ನೆನೆದರೆ ಕತ್ತಿ ಎತ್ತಿದ ಕೊಲೆಗಾರನನ್ನು ಕಂಡ ಪುಕ್ಕಲನ ಹಾಗೆ ನಡುಕ. ನಾಲ್ಕೂ ಬೇಡ ಅಂತಾರೆ. ಇನ್ನೊಂದು ಕಡೆ ಐದು ವಿಷಯ ಹೇಳುತ್ತಾರೆ, ಮುಂಚೆಯೇ ಸುಳಿವು ಸಿಗದವು: ಎಷ್ಟು ದಿನ ಬದುಕುತ್ತೇವೆ, ಯಾವ ರೋಗದಿಂದ, ದಿನದ ಯಾವ ಹೊತ್ತಿನಲ್ಲಿ, ಮೈ ಎಲ್ಲಿ ಬೀಳುತ್ತದೆ, ಆಮೇಲೆ ಎಲ್ಲಿಗೆ. ನನಗೆ ನಾಲ್ಕನೆಯದು ವಿಚಿತ್ರವಾಗಿ ತಟ್ಟುತ್ತದೆ. ಎಲ್ಲೋ ಒಂದು ಜಾಗ ಈಗಲೇ ಇದೆ. ಅದರ ಮೇಲೆ ನಾನು ಎಷ್ಟೋ ಸಲ ನಡೆದು ಹೋಗಿರಬಹುದು.

ಟೈಮ್ ಆಯಿತು ಅಂತ ಸನ್ನೆ ಮಾಡುತ್ತಿದ್ದಾರೆ. ಒಂದೇ ಒಂದು ದೃಶ್ಯ ಹೇಳಿ ನಿಲ್ಲಿಸುತ್ತೇನೆ.

ಸಾವತ್ಥಿ, ಅಂದರೆ ಶ್ರಾವಸ್ತಿ. ಪುಬ್ಬಾರಾಮ, ಮಿಗಾರಮಾತೆ ಅನ್ನುವ ಭಕ್ತೆ ಕಟ್ಟಿಸಿದ ವಿಹಾರ. ಬುದ್ಧನಿಗೆ ವಯಸ್ಸಾಗಿದೆ. ಸಂಜೆ ಧ್ಯಾನದಿಂದ ಎದ್ದು ಹೊರಗೆ ಬಂದು, ಪಡುವಣದ ಬಿಸಿಲಿಗೆ ಬೆನ್ನು ಕೊಟ್ಟು ಕಾಯಿಸಿಕೊಳ್ಳುತ್ತಾ ಕೂತಿದ್ದಾರೆ. ಆನಂದ ಬಂದರು. ನಮಸ್ಕಾರ ಮಾಡಿ, ಕೈಯಿಂದ ಅವರ ಮೈ ತಿಕ್ಕುತ್ತಾ, ಮನಸ್ಸಿಗೆ ಬಂದದ್ದನ್ನು ಹೇಳಿಯೇಬಿಟ್ಟರು. ಎಂಥ ಆಶ್ಚರ್ಯ, ನಿಮ್ಮ ಚರ್ಮ ಮೊದಲಿನ ಹಾಗೆ ಹೊಳೆಯುತ್ತಿಲ್ಲ. ಕೈಕಾಲೆಲ್ಲ ಸಡಿಲವಾಗಿ ಸುಕ್ಕುಗಟ್ಟಿದೆ. ಮೈ ಮುಂದಕ್ಕೆ ಬಾಗಿದೆ. ಕಣ್ಣು ಕಿವಿಗಳೂ ಬದಲಾದ ಹಾಗಿವೆ.

ಬುದ್ಧ ಬೇಜಾರು ಮಾಡಿಕೊಳ್ಳಲಿಲ್ಲ. ಹೌದು ಆನಂದ, ಹಾಗೇ ಇರುತ್ತದೆ ಅಂದರು. ಹರೆಯದೊಳಗೇ ಮುಪ್ಪು ಇರುತ್ತದೆ, ಆರೋಗ್ಯದೊಳಗೇ ರೋಗ, ಬದುಕಿನೊಳಗೇ ಸಾವು. ಆಮೇಲೆ ಒಂದು ಪದ್ಯ ಹೇಳಿದರು. ಅದರಲ್ಲಿ ಬೈಗುಳ ಇದೆ. ಬೈದದ್ದು ಮುಪ್ಪಿಗೆ, "ಥೂ ನಿನ್ನ, ಹಾಳು ಮುಪ್ಪೇ" ಅನ್ನುವ ಹಾಗೆ. ಮೈಗೆ ಬೈಯಲಿಲ್ಲ. ಅದು ಬಿಸಿಲು ಕಾಯಿಸಿಕೊಳ್ಳುತ್ತಾ ಕೂತೇ ಇತ್ತು. ಆನಂದ ತಿಕ್ಕುವುದನ್ನು ನಿಲ್ಲಿಸಿದರು ಅಂತ ಆ ಸುತ್ತದಲ್ಲಿ ಎಲ್ಲೂ ಬರೆದಿಲ್ಲ.